ಇಳಿಯುತ್ತ ಹೋದ ಕೂಗು

ಅಗ್ನಿಶಾಮಕ ಠಾಣೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸೈರನ್ನುಗಳನ್ನು ಬಿಚ್ಚಿ ಕಟ್ಟಿದ ಆ ಮನುಷ್ಯನನ್ನು ಎಲ್ಲರೂ ಕರೆಯುತ್ತಿದ್ದುದು ಕೂಗಣ್ಣ ಎಂದು. ಅಸಲು ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮೊಳಗುವ ಸೈರನ್ನಿನ ಮಗ್ಗುಲಲ್ಲೇ ನಿಂತು ಮಾತಾಡಿ ಮಾತಾಡಿ ಅವನ ಗಂಟಲು ಒಂದೇ ಎತ್ತರಕ್ಕೆ ನಿಂತುಬಿಟ್ಟಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯ ಆ ತುದಿಯವರು ತಿರುಗಿ ನೋಡುವರು.

"ರೀ, ಮನೆಗೇನೂ ಬೆಂಕಿ ಬಿದ್ದಿಲ್ಲ. ಇಲ್ಲೇ ಎದುರಿಗೇ ಕೂತಿದೀನಿ," ಎನ್ನುತ್ತಿದ್ದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಮಕ್ಕಳಿಲ್ಲದ ಮನೆ. ಅವನ ಗದ್ದಲ, ಅವಳ ಯಂತ್ರದ ಸದ್ದು, ಇವೆರಡರಲ್ಲೇ ಮನೆ ತುಂಬಿಕೊಂಡಿತ್ತು.

ಗಂಟಲು ಹೇಗೇ ಇರಲಿ, ಕೂಗಣ್ಣನ ಕಿವಿ ಮಾತ್ರ ಬಲು ಚುರುಕು. ಶೆಡ್ಡಿನಲ್ಲಿ ಕೂತೇ ಹೊರಗೆ ಹೋಗುವುದು ಯಾವ ಗಾಡಿ, ಗುಂಡಿ ಒತ್ತಿದವನು ಯಾರು ಎಂದು ಹೇಳಿಬಿಡುವನು. ಅವನ ಪ್ರಾಣವಿದ್ದದ್ದು ಠಾಣೆಯ ಹಳೆಯ ಆಂಬುಲೆನ್ಸಿನ ನೆತ್ತಿಯ ಮೇಲೆ. ಅಲ್ಲೊಂದು ಮೋಟಾರ್ ಸೈರನ್. ಪಕ್ಕದಲ್ಲಿ ಕೆಂಪು ಗಾಜಿನ ಗುಮ್ಮಟ, ಅದರೊಳಗೆ ಬಲ್ಬಿನ ಸುತ್ತ ತಿರುಗುವ ಪುಟ್ಟ ಕನ್ನಡಿ. ಗುಂಡಿ ಒತ್ತಿದರೆ ಮೊದಲು ಗೊಣಗಿದಂತೆ, ಆಮೇಲೆ ನಿಧಾನವಾಗಿ ಮೇಲೇರಿ, ಎದೆಯೊಳಕ್ಕೇ ಇಳಿಯುವಂಥ ಕೂಗು. ಆ ಕನ್ನಡಿಯನ್ನು ಕೂಗಣ್ಣ, ಹೆಂಡತಿ ಹೊಲಿದು ಉಳಿದ ಮೆತ್ತನೆಯ ಬಟ್ಟೆಯ ಚೂರುಗಳಿಂದಲೇ ಒರೆಸುತ್ತಿದ್ದ.

ಹೊಸದಾಗಿ ಬಂದ ಸಾಹೇಬರು ಅದನ್ನು ಕಿತ್ತು ಎಲೆಕ್ಟ್ರಾನಿಕ್ ಸೈರನ್ ಹಾಕೋಣ ಅಂದರು. ಕೂಗಣ್ಣ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತ.

"ಅದು ಕೂಗಲ್ಲ ಸಾರ್, ಕೀಚುಗುಟ್ಟುತ್ತೆ. ಜನಕ್ಕೆ ಆಟದ ಸಾಮಾನು ಅನ್ಸುತ್ತೆ. ಇದನ್ನ ಕೇಳಿದ್ರೆ ಸಾಕು, ಕಾಲು ತಾನಾಗೇ ಪಕ್ಕಕ್ಕೆ ಸರಿಯುತ್ತೆ."

"ಬ್ಯಾಟರಿ ಕುಡಿದುಹಾಕುತ್ತಲ್ರೀ ಇದು!"

"ಗಾಡಿ ಓಡ್ತಾ ಇದ್ರೆ ತುಂಬ್ಕೋತಾನೇ ಇರುತ್ತೆ ಸಾರ್."

"ನಿಂತ್ರೆ?"

"ಆಂಬುಲೆನ್ಸು ಯಾಕ್ ಸಾರ್ ನಿಲ್ಲುತ್ತೆ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಸಾಹೇಬರೂ ನಕ್ಕು ಕೈಬಿಟ್ಟರು. ಗೆದ್ದ ಖುಷಿಯಲ್ಲಿ ಕೂಗಣ್ಣ ಅಂದು ಮನೆಗೆ ಬಂದು ಆ ಮಾತನ್ನು ಹೆಂಡತಿಗೆ ಎರಡು ಸಲ ಹೇಳಿದ.

ಅದಾಗಿ ನಾಲ್ಕು ತಿಂಗಳಿಗೆ, ಒಂದು ಮಧ್ಯಾಹ್ನ, ಕೂಗಣ್ಣ ಊಟಕ್ಕೆಂದು ಮನೆಗೆ ಬಂದಿದ್ದ. ಕೈ ತೊಳೆಯುತ್ತಿದ್ದಾಗ ಹೊಲಿಗೆ ಯಂತ್ರ ಇದ್ದಕ್ಕಿದ್ದಂತೆ ನಿಂತಿತು. ಬಂದು ನೋಡಿದರೆ ಹೆಂಡತಿ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅದು ಯಾರದೋ ಕೈ ಎಂಬಂತೆ ನೋಡುತ್ತಿದ್ದಳು. ಬಾಯಿ ಒಂದು ಕಡೆಗೆ ಜಾರಿತ್ತು. ಏನೋ ಹೇಳಹೋದಳು, ಮಾತು ಕಲಸಿಹೋಗಿತ್ತು. ಅವಳು ಕುರ್ಚಿಯಿಂದ ವಾಲುವಷ್ಟರಲ್ಲಿ ಅವನು ಹಿಡಿದು ನೆಲದ ಮೇಲೆ ಮಲಗಿಸಿದ. ಠಾಣೆಗೆ ಫೋನು ಮಾಡಿದ. ಎತ್ತಿದವನು ಆಂಬುಲೆನ್ಸಿನ ಡ್ರೈವರೇ.

"ಬಂದೆ ಕೂಗಣ್ಣ, ಐದೇ ನಿಮಿಷ."

ಪಕ್ಕದ ಮನೆಯ ಅಜ್ಜಿ ಓಡಿಬಂದು ಹೆಂಡತಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡರು. ಕೂಗಣ್ಣ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟ. ಸೈರನ್ ಎದ್ದಿತು. ಠಾಣೆಯ ಗೇಟು ದಾಟಿತು. ದೊಡ್ಡ ರಸ್ತೆಗೆ ಬಿತ್ತು. "ಬಂತು, ಬಂತು," ಅಂದ, ಹೆಂಡತಿಗೆ ಕೇಳಿಸುವಂತೆ. ಹಿಟ್ಟಿನ ಗಿರಣಿಯ ತಿರುವಿಗೆ ಬಂತು. ಅಲ್ಲೇ ನಿಂತಿತು.

ನಿಂತದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಹತ್ತಿರ ಬರುವ ಕೂಗೇ ಬೇರೆ, ನಿಂತಲ್ಲೇ ಕೂಗುವ ಕೂಗೇ ಬೇರೆ. ಡ್ರೈವರ್ ಗುಂಡಿ ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ಆಮೇಲೆ ಬಿಡದೆ ಒತ್ತಿ ಹಿಡಿದ. ಕೂಗು ಮೊದಲಿನ ಎತ್ತರಕ್ಕೆ ಏರಲಿಲ್ಲ. ಇನ್ನೊಂದು ಸಲಕ್ಕೆ ಮತ್ತಷ್ಟು ಕೆಳಗೆ.

"ಬ್ಯಾಟರಿ ಇಳೀತಿದೆ," ಅಂದ ಕೂಗಣ್ಣ.

"ಏನಪ್ಪಾ?" ಅಂದರು ಅಜ್ಜಿ.

"ಬಿಡೋ, ಗುಂಡಿ ಬಿಡೋ ಮಾರಾಯಾ!" ಎಂದು ಅವನು ಬೀದಿಯ ಕಡೆ ಕಿರುಚಿದ. ಅಷ್ಟು ದೂರಕ್ಕೆ ಅವನ ಗಂಟಲೂ ಸಾಲದು. ಸೈರನ್ ದನಿ ಗೊಣಗಾಟಕ್ಕೆ ಇಳಿದು, ನರಳಿ, ಸತ್ತೇಹೋಯಿತು.

"ಅಜ್ಜಿ, ನೋಡ್ಕೊಳ್ಳಿ," ಎಂದವನೇ ಬರಿಗಾಲಲ್ಲಿ ಓಡಿದ. ಗಿರಣಿಯ ತಿರುವಿನಲ್ಲಿ ಕೊಳವೆ ಹಾಕಲು ರಸ್ತೆಯ ಅರ್ಧ ಅಗೆದಿದ್ದರು. ಉಳಿದರ್ಧದಲ್ಲಿ ಎರಡೂ ಕಡೆಯ ಬಸ್ಸು, ಲಾರಿ, ಸ್ಕೂಟರುಗಳು ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ನಡುವೆ ಆಂಬುಲೆನ್ಸ್. ಬ್ಯಾಟರಿ ಇಳಿದು ಎಂಜಿನ್ ಕೂಡ ನಿಂತುಹೋಗಿತ್ತು. ಮೇಲೆ ಕನ್ನಡಿ ಮೂರು ಸುತ್ತಿಗೆ ಒಮ್ಮೆ ತಡೆಯುತ್ತ, ಉಸಿರು ಹಿಡಿದುಕೊಂಡು ತಿರುಗುತ್ತಿತ್ತು. ಸುಡುಬಿಸಿಲಿನಲ್ಲಿ ಆ ಕೆಂಪು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

"ಸ್ವಲ್ಪ ಜಾಗ ಬಿಡಿ ಸ್ವಾಮಿ! ನನ್ನ ಹೆಂಡ್ತಿ!" ಎಂದು ಕೂಗಣ್ಣ ಬಸ್ಸಿನ ತಗಡು ಬಡಿದ.

"ಎಲ್ಲಿಗೆ ಬಿಡ್ಲಿ ಯಜಮಾನ್ರೆ? ಆ ಹಳ್ಳಕ್ಕಾ?" ಅಂದ ಬಸ್ಸಿನವನು. ಅವನ ದನಿಯಲ್ಲಿ ಉಡಾಫೆ ಇರಲಿಲ್ಲ. ಅವನಿಗೂ ದಾರಿ ಇರಲಿಲ್ಲ.

ಕೊನೆಗೆ ಡ್ರೈವರೂ ಕೂಗಣ್ಣನೂ ಸ್ಟ್ರೆಚರ್ ಹೊತ್ತು ಮನೆಗೆ ಓಡಿದರು. ಅವಳನ್ನು ಮಲಗಿಸಿಕೊಂಡು, ಅಗೆದ ಮಣ್ಣಿನ ದಿಬ್ಬ ಹತ್ತಿಳಿದು ವಾಪಸ್ಸು ಬಂದರು. ಬಲಗೈ ಜಾರಿ ಜಾರಿ ಹೊರಗೆ ಬೀಳುತ್ತಿತ್ತು. ಅಜ್ಜಿ ಜೊತೆಯಲ್ಲೇ ಓಡುತ್ತ ಅದನ್ನು ಎತ್ತಿ ಎತ್ತಿ ಎದೆಯ ಮೇಲಿಡುತ್ತಿದ್ದರು. ಸ್ಟ್ರೆಚರ್ ಕಂಡದ್ದೇ ತಡ, ದಾರಿ ಬಿಡಲಾಗದೆ ನಿಂತಿದ್ದವರೆಲ್ಲ ಇಳಿದುಬಂದರು. ಸ್ಕೂಟರುಗಳನ್ನು ಎತ್ತಿ ಮಣ್ಣಿನ ಮೇಲಿಟ್ಟರು. ಸ್ಟ್ರೆಚರನ್ನು ಗಾಡಿಗೇರಿಸಲು ಬಸ್ಸಿನವನು ಹೆಗಲು ಕೊಟ್ಟ. ಇಪ್ಪತ್ತು ಜನ ಸೇರಿ ಆಂಬುಲೆನ್ಸನ್ನು ಹಿಂದಕ್ಕೆ, ಇಳಿಜಾರಿನವರೆಗೆ ತಳ್ಳಿದರು. ಅಲ್ಲಿ ಎಂಜಿನ್ ಹಿಡಿಯಿತು. ಸೈರನ್ ಇಲ್ಲದೆಯೇ ಗಾಡಿ ಆಸ್ಪತ್ರೆ ಸೇರಿತು.

"ಜೀವಕ್ಕೇನೂ ಭಯವಿಲ್ಲ," ಅಂದರು ಡಾಕ್ಟರು ಮೂರನೆಯ ದಿನ. "ಬಲಭಾಗ ಸ್ವಲ್ಪ ಸುಧಾರಿಸಬಹುದು. ಮಾತು ಕಷ್ಟ. ಇನ್ನೊಂದು ಅರ್ಧ ಗಂಟೆ ಮುಂಚೆ ಬಂದಿದ್ರೆ..."

ಕಾರಿಡಾರಿನಲ್ಲಿ ಕೂತಿದ್ದ ಡ್ರೈವರನ್ನು ಕೂಗಣ್ಣ ಕೇಳಿದ, "ಹೊಸ ಸೈರನ್ ಇದ್ದಿದ್ರೆ ಎಂಜಿನ್ ನಿಲ್ತಿರ್ಲಿಲ್ಲ, ಅಲ್ವಾ?"

"ನಿಲ್ಲದೇ ಇದ್ರೂ ಹೋಗೋದೆಲ್ಲಿಗೆ ಕೂಗಣ್ಣ? ಜಾಗ ಇದ್ರೆ ತಾನೇ?"

"ಅಷ್ಟೇ ಅಂತೀಯಾ?"

ಡ್ರೈವರ್ ತುಸು ತಡೆದ. "ಅಷ್ಟೇ," ಅಂದ. ಆ ತಡೆದದ್ದನ್ನು ಕೂಗಣ್ಣನ ಕಿವಿ ಹಿಡಿದುಕೊಂಡಿತು.

ಅವನು ಕೆಲಸಕ್ಕೆ ಮರಳಿದ ದಿನವೇ ಏಣಿ ಹಾಕಿ ಹಳೆಯ ಸೈರನ್ನನ್ನು ತಾನೇ ಇಳಿಸಿದ. ಸಾಹೇಬರು ಒಂದು ಮಾತೂ ಆಡಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸ್ವಲ್ಪ ದಿನಕ್ಕೆ, ನಿವೃತ್ತಿಗೆ ಇನ್ನೂ ಎರಡು ವರ್ಷವಿರುವಾಗಲೇ, ಕೆಲಸ ಬಿಟ್ಟ.

ಹೆಂಡತಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದಳು. ಮಾತುಗಳಲ್ಲಿ ಉಳಿದದ್ದು ಒಂದೇ: "ಹಾಗಲ್ಲ." ಹಸಿವಾದರೂ ಹಾಗಲ್ಲ, ನಗು ಬಂದರೂ ಹಾಗಲ್ಲ, ಯಾರಾದರೂ ನೋಡಲು ಬಂದರೂ ಹಾಗಲ್ಲ. ಅವಳಿಗೆ ಒಳಗೆ ಎಲ್ಲ ತಿಳಿಯುತ್ತಿತ್ತು. ಹೊರಗೆ ಬರುವಾಗ ಅದೊಂದೇ ಆಗಿ ಬರುತ್ತಿತ್ತು. ಕೂಗಣ್ಣ ದನಿಯ ಏರಿಳಿತ ಹಿಡಿದು ಅರ್ಥ ಬಿಡಿಸುವುದನ್ನು ಕಲಿತ. ಹತ್ತರಲ್ಲಿ ಆರೇಳು ಸಲ ಸರಿಹೋಗುತ್ತಿತ್ತು.

ಒಂದು ಸಂಜೆ ಅವಳು ಎಡಗೈಯಿಂದ ಅವನ ಅಂಗಿ ಹಿಡಿದು ಜಗ್ಗಿದಳು. "ಹಾಗಲ್ಲ!"

"ನೀರು ಬೇಕೇನೇ?"

"ಹಾಗಲ್ಲ."

ನೀರು ತಂದ. ಕಿಟಕಿ ತೆರೆದ. ದಿಂಬು ಸರಿಸಿದ. ಔಷಧಿ, ಕನ್ನಡಕ, ಬಾಚಣಿಗೆ, ಅವಳ ತಂಗಿಯ ಫೋಟೋ, ಹೊಲಿಗೆ ಪೆಟ್ಟಿಗೆ, ಒಂದೊಂದಾಗಿ ತಂದು ಮಂಚದ ಮೇಲಿಟ್ಟ. ಒಂದೊಂದಕ್ಕೂ ಅವಳು ಅದಲ್ಲವೆಂದು ತಲೆಯಾಡಿಸಿದಳು. ದನಿ ಏರಿತು, ಕಣ್ಣು ತುಂಬಿತು. ಮಂಚ ಸಾಮಾನಿನಿಂದ ತುಂಬಿ, ಅವಳು ಕಾಲು ಮಡಚಿಕೊಳ್ಳಬೇಕಾಯಿತು.

"ನಂಗೆ ಗೊತ್ತಾಗ್ತಿಲ್ಲ ಕಣೇ," ಅಂದ ಅವನು, ಮೆಲ್ಲಗೆ.

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಬೇಕಿದ್ದದ್ದನ್ನು ಬೇಡವೆಂದುಕೊಂಡವಳಂತೆ ಗೋಡೆಯ ಕಡೆ ಹೊರಳಿದಳು. ಅವನು ಮಂಚದ ಮೇಲಿನ ಸಾಮಾನುಗಳನ್ನು ಒಂದೊಂದಾಗಿ ಎತ್ತಿ ಅವುಗಳ ಜಾಗಕ್ಕೆ ಇಡತೊಡಗಿದ.