ಮಾತಕ್ಕನಿಗೆ ತಿಳಿಯದ ಮಾತು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಮಾತಕ್ಕ ಎಂದೇ ಕರೆಯುತ್ತಿದ್ದರು. ಕನ್ನಡದ ಗಂಧಗಾಳಿ ಇಲ್ಲದ ಡಾಕ್ಟರುಗಳಿಗೂ ಇಂಗ್ಲಿಷಿನ ಗಂಧಗಾಳಿ ಇಲ್ಲದ ರೋಗಿಗಳಿಗೂ ನಡುವೆ ನಿಂತು ಆಚೆಯ ಮಾತನ್ನು ಈಚೆಗೆ, ಈಚೆಯದನ್ನು ಆಚೆಗೆ ದಾಟಿಸುವುದು ಅವಳ ಕೆಲಸ. ಒಳ್ಳೆಯ ಸುದ್ದಿ, ಕೆಟ್ಟ ಸುದ್ದಿ ಯಾವುದೇ ಇರಲಿ, ಮೊದಲು ಅವಳ ಬಾಯಿಗೆ ಬರಬೇಕು. ಹಾಗಾಗಿ ರೋಗಿಗಳ ಮನೆಯವರು ಡಾಕ್ಟರ ಮುಖ ನೋಡುವುದಕ್ಕಿಂತ ಹೆಚ್ಚಾಗಿ ಇವಳ ಮುಖವನ್ನೇ ನೋಡುತ್ತಿದ್ದರು.

ಆ ಇಂಗ್ಲಿಷನ್ನು ಅವಳು ಕಾಲೇಜಿನಲ್ಲಿ ಕಲಿತವಳಲ್ಲ. ಮೊದಲು ಒಂದು ದೊಡ್ಡ ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಟವೆಲ್ ಬಂದಿಲ್ಲ, ನೀರು ಕಾದಿಲ್ಲ, ಪಕ್ಕದ ಕೋಣೆಯವರು ಕುಣಿಯುತ್ತಿದ್ದಾರೆ ಎಂದು ಫೋನಿನಲ್ಲಿ ಹರಿಹಾಯುವ ಅತಿಥಿಗಳ ಬೈಗುಳ ಕೇಳಿ ಕೇಳಿಯೇ ಭಾಷೆ ಕಲಿತದ್ದು. ಹೋಟೆಲು ಬಾಗಿಲು ಹಾಕಿದ ಮೇಲೆ ಧೈರ್ಯ ಮಾಡಿ ಆಸ್ಪತ್ರೆಯ ಪರೀಕ್ಷೆಗೆ ಕೂತು ಪಾಸಾದಳು. ಜೊತೆಯಲ್ಲಿ ಕೆಲಸ ಮಾಡುವವರಿಗೆಲ್ಲ ಡಿಗ್ರಿಯಿತ್ತು. ಇವಳು ಓದಿದ್ದು ಹತ್ತನೇ ಕ್ಲಾಸು. ಅದನ್ನು ಜೊತೆಯವರು ಯಾರೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಆದರೂ ಪ್ರತಿದಿನ ವಾರ್ಡಿನ ಬಾಗಿಲು ತಳ್ಳುವಾಗ ಅದೇ ಯೋಚನೆ: ಇವತ್ತು ನನಗೆ ತಿಳಿಯದ ಮಾತೊಂದು ಬಂದೇ ಬರುತ್ತದೆ, ಎಲ್ಲರೆದುರು ನನ್ನ ಬಂಡವಾಳ ಬಯಲಾಗುತ್ತದೆ. ಮನೆಯಲ್ಲಿ ಹೇಳಿಕೊಂಡರೆ ಬಸ್ಸು ರಿಪೇರಿ ಮಾಡುವ ಗಂಡ ನಗುತ್ತಿದ್ದ. ನಾನೇನು ಎಲ್ಲ ಇಂಜಿನ್ನನ್ನೂ ಓದಿ ಬಿಚ್ಚುತ್ತೀನಾ ಎನ್ನುತ್ತಿದ್ದ. ಇಂಜಿನ್ ಬಿಚ್ಚುವವನ ಮುಖವನ್ನು ಯಾರೂ ಹಾಗೆ ನೋಡುತ್ತಾ ನಿಂತಿರುವುದಿಲ್ಲ ಎಂದು ಅವನಿಗೆ ಹೇಗೆ ತಿಳಿಸುವುದು?

ಆ ಮಾತು ಬಂದದ್ದು ಒಬ್ಬ ಮುದುಕ ಬಡಗಿಯ ಹಾಸಿಗೆಯ ಹತ್ತಿರ. ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ ಅವನಿಗೆ ಹಿಂದಿನ ದಿನವಷ್ಟೇ ಆಪರೇಷನ್ ಆಗಿತ್ತು. ಬೆಳಿಗ್ಗೆ ಎದ್ದವನು ಬೇರೆಯೇ ಮನುಷ್ಯನಾಗಿದ್ದ. ಹೆಂಡತಿಯನ್ನು ಯಾರಮ್ಮಾ ನೀನು ಎಂದು ಕೇಳಿದ. ನರ್ಸನ್ನು ತನ್ನ ಕೈಕೆಳಗಿನ ಕೆಲಸದವನೆಂದುಕೊಂಡು, ಉಳಿ ಎಲ್ಲಿಟ್ಟೆ ಎಂದು ಗದರಿದ. ಹೊದಿಕೆಯ ಅಂಚನ್ನು ಗೇಣು ಹಾಕಿ ಅಳೆಯತೊಡಗಿದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಮಗ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ.

ಡಾಕ್ಟರು ಹೊಸಬ, ಉದ್ದ ಕಾಲಿನವನು, ಸದಾ ಅವಸರ. ಮುದುಕನ ಕಣ್ಣಿಗೆ ಬೆಳಕು ಹಾಕಿ ನೋಡಿದ, ಕಾಲ್ಬೆರಳು ಆಡಿಸಲು ಹೇಳಿದ, ಚಾರ್ಟಿನಲ್ಲಿ ಏನೋ ಗೀಚುತ್ತಾ ತಲೆಯೆತ್ತದೆಯೇ ಇಂಗ್ಲಿಷಿನಲ್ಲಿ ಹೇಳಿದ: ಇವರು ಪೂರ್ತಿ ಡಿಸ್ಕಂಬಾಬ್ಯುಲೇಟೆಡ್ ಆಗಿದ್ದಾರೆ, ನೋಡುತ್ತಾ ಇರೋಣ. ಅಷ್ಟು ಹೇಳಿ ಇನ್ನೊಂದು ಆಪರೇಷನ್ನಿಗೆ ಹೊರಟೇಹೋದ.

ಮಾತಕ್ಕ ಆ ಪದವನ್ನು ಮನಸ್ಸಿನಲ್ಲೇ ಒಡೆದು ನೋಡಿದಳು. ಡಿಸ್ಕಂ ಏನು? ಬಾಬ್ ಏನು? ಹೋಟೆಲಿನ ಯಾವ ಅತಿಥಿಯೂ ಹಾಗೆ ಬೈದಿರಲಿಲ್ಲ. ಡಾಕ್ಟರನ್ನು ಕೂಗಿ ಕೇಳಬಹುದಿತ್ತು, ಕೇಳಲಿಲ್ಲ. ತಾಯಿ ಮಗ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಏನಂದ್ರು ತಾಯಿ?" ಎಂದಳು ಮುದುಕಿ.

"ಅವರಿಗೆ... ಡಾಕ್ಟ್ರು... ನೋಡ್ತಾ ಇರೋಣ ಅಂದ್ರು."

"ಅಷ್ಟೇ ಅಲ್ಲ. ನಡುವೆ ಏನೋ ಉದ್ದವಾಗಿ ಅಂದ್ರಲ್ಲ?"

ಅದು ವೈದ್ಯಕೀಯದ ಮಾತು, ಸಾಯಂಕಾಲ ಅವರೇ ವಿವರವಾಗಿ ಹೇಳುತ್ತಾರೆ ಎಂದು ಮಾತಕ್ಕ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿ ಹೊರಗೆ ಬಂದುಬಿಟ್ಟಳು. ಬಾಗಿಲು ಮುಚ್ಚಿಕೊಳ್ಳುವ ಮುಂಚೆ ಒಮ್ಮೆ ಹಿಂತಿರುಗಿ ನೋಡಿದಳು. ಮುದುಕಿ ಗಂಡನ ಪಾದ ಹಿಡಿದುಕೊಂಡು ಕೂತಿದ್ದಳು.

ಕಾರಿಡಾರಿನ ಮೂಲೆಯಲ್ಲಿ ಫೋನು ತೆಗೆದು ಆ ಮಾತನ್ನು ಕಿವಿಗೆ ಬಿದ್ದ ಹಾಗೆ ಬರೆದು ಹುಡುಕಿದಳು. ಮಿಣಮಿಣ ಬಟ್ಟೆ ತೊಟ್ಟವರು ಡಿಸ್ಕೋ ಕುಣಿಯುವ ಚಿತ್ರಗಳು ಬಂದವು. ಇನ್ನೊಂದು ಥರ ಬರೆದಳು, ಯಾರೋ ಬಾಬ್ ಎಂಬವನ ಅಂಗಡಿಯ ವಿಳಾಸ ಬಂತು. ನರ್ಸನ್ನು ಕೇಳಿದರೆ, ಆ ಡಾಕ್ಟರು ಆಡುವ ಅರ್ಧ ಮಾತು ನನಗೂ ತಿಳಿಯುವುದಿಲ್ಲ ಎಂದಳು. ಕೆಳಗೆ ಔಷಧ ಕೊಡುವವನು ಗಲ್ಲ ಕೆರೆದುಕೊಂಡು, ಡಿಸ್ಕ್ ಎಂದರೆ ಬೆನ್ನುಮೂಳೆಯದ್ದಿರಬೇಕು, ಜಾರಿದೆಯೋ ಏನೋ ಎಂದ. ಬೆನ್ನುಮೂಳೆ ಜಾರಿದರೆ ಮನುಷ್ಯ ಹೊದಿಕೆಯನ್ನು ಯಾಕೆ ಅಳೆಯುತ್ತಾನೆ? ಇದು ಮಿದುಳಿನದ್ದೇ ಎಂದು ಅವಳಿಗೆ ಖಾತ್ರಿಯಾಗತೊಡಗಿತು. ಒಡೆದುಹೋಗಿದೆ ಎಂದಿರಬೇಕು, ಇಲ್ಲವೇ ಕೊಳೆಯುತ್ತಿದೆ ಎಂದು. ಅಂಥ ಸುದ್ದಿಯನ್ನು ನಾನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಮತ್ತೆ ವಾರ್ಡಿಗೆ ಬಂದರೆ ಅಲ್ಲಿ ಬೇರೆಯದೇ ನಡೆದಿತ್ತು. ಮಗ ಚೀಲ ತುಂಬುತ್ತಿದ್ದ. ಹಾಸಿಗೆಯ ಪಕ್ಕಕ್ಕೆ ಗಾಲಿಕುರ್ಚಿ ಬಂದಿತ್ತು. ಮುದುಕಿ ಗಂಡನ ಕೈಗೆ ಚುಚ್ಚಿದ ನಳಿಕೆಯ ಪಟ್ಟಿಯನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಕನ್ನಡ ಬಾರದ ನರ್ಸು ಇಂಗ್ಲಿಷಿನಲ್ಲಿ ಬೇಡ ಬೇಡ ಎಂದು ಕೂಗಿಕೊಳ್ಳುತ್ತಿದ್ದಳು, ಅದು ಅವರಿಗೆ ಮುಟ್ಟುತ್ತಿರಲಿಲ್ಲ.

ಮಾತಕ್ಕ ಓಡಿಹೋಗಿ ಮುದುಕಿಯ ಕೈ ಹಿಡಿದಳು. ಮುದುಕಿ ಬಿಡಿಸಿಕೊಳ್ಳಲಿಲ್ಲ. ಶಾಂತವಾಗಿಯೇ ಹೇಳಿದಳು: "ನಿಮ್ಮ ಮುಖ ನೋಡಿದಾಗ್ಲೇ ಗೊತ್ತಾಯ್ತು ತಾಯಿ. ಹೇಳಬಾರದ್ದನ್ನ ಹೇಳೋದು ನಿಮಗೂ ಕಷ್ಟ. ಹೋಗೋ ಜೀವ ಮನೇಲೇ ಹೋಗ್ಲಿ. ಅವರ ಮರದ ವಾಸನೆ ಆದ್ರೂ ಇರುತ್ತೆ."

ಮನೆಯವರು ಆ ಮುದುಕನನ್ನು ಹೇಗೆಂದರೆ ಹಾಗೆ ಎತ್ತಿ ಕುರ್ಚಿಗೆ ಕೂರಿಸಿದರೆ ನಿನ್ನೆಯಷ್ಟೇ ಜೋಡಿಸಿದ ಮೂಳೆ ಮತ್ತೆ ಕಳಚಬಹುದೆಂದು ಮಾತಕ್ಕನಿಗೆ ತಿಳಿದಿತ್ತು. ಇಷ್ಟು ವರ್ಷ ಯಾವ ಮಾತಿಗೆ ಹೆದರಿ ಬದುಕಿದ್ದಳೋ ಅದನ್ನು ಈಗ ಆಡದೆ ಬೇರೆ ದಾರಿ ಇರಲಿಲ್ಲ.

"ಅಮ್ಮಾ, ನನಗೆ ಆ ಮಾತು ಅರ್ಥ ಆಗ್ಲಿಲ್ಲ," ಎಂದಳು. "ನೀವು ನನ್ನ ಮುಖದಲ್ಲಿ ನೋಡಿದ್ದು ಅವರ ಕಾಯಿಲೆ ಅಲ್ಲ, ನನ್ನ ದಡ್ಡತನ. ಒಳ್ಳೇದು ಹೇಳಿದ್ರೋ ಕೆಟ್ಟದ್ದು ಹೇಳಿದ್ರೋ ಈಗ್ಲೂ ಗೊತ್ತಿಲ್ಲ. ಕೇಳೋಕೆ ನಾಚಿಕೆ ಪಟ್ಕೊಂಡೆ."

ಮಗನ ಕೈಯಿಂದ ಚೀಲ ಕೆಳಗೆ ಬಿತ್ತು. "ನಿಮ್ಮ ನಾಚಿಕೆಗೆ ನಮ್ಮಪ್ಪನ್ನ ಇಲ್ಲಿಂದ ಎತ್ಕೊಂಡು ಹೋಗ್ತಿದ್ವಲ್ಲ ಮೇಡಂ," ಎಂದ. ಡಾಕ್ಟರು ಬರುವ ತನಕ ತಡೆಯಿರಿ ಎಂದು ಮಾತಕ್ಕ ಬೇಡಿಕೊಂಡಳು. ಮುದುಕಿ ಪಟ್ಟಿಯನ್ನು ಮೆಲ್ಲಗೆ ಮತ್ತೆ ಅಂಟಿಸಿ, ಸ್ಟೂಲನ್ನು ಕಾಲಿನಿಂದ ಇವಳ ಕಡೆಗೆ ಸರಿಸಿದಳು. ಮೂವರೂ ಕಾದರು. ಮುದುಕ ಮಾತ್ರ ಗಾಲಿಕುರ್ಚಿಯ ಕೈಹಿಡಿ ಸರಿಯಾಗಿ ಕೂತಿಲ್ಲವೆಂದು ಗೊಣಗುತ್ತಲೇ ಇದ್ದ.

ಡಾಕ್ಟರು ಮುಖಗವಸನ್ನು ಗಲ್ಲಕ್ಕೆ ಇಳಿಸಿಕೊಂಡು ಬಂದಾಗ ಮಾತಕ್ಕ ಎದ್ದು ನಿಂತು ಎಲ್ಲರೆದುರೇ ಕೇಳಿದಳು. ಬೆಳಿಗ್ಗೆ ನೀವು ಆಡಿದ ಆ ಪದ ನನಗೆ ಬರುವುದಿಲ್ಲ, ದಯವಿಟ್ಟು ಬಿಡಿಸಿ ಹೇಳಿ. ಡಾಕ್ಟರು ಮೊದಲು ಪಿಳಿಪಿಳಿ ನೋಡಿದ. ಆಮೇಲೆ ಚೀಲ, ಕುರ್ಚಿ, ಮುದುಕಿಯ ಕಣ್ಣು ಎಲ್ಲವನ್ನೂ ಕಂಡು ಅವನ ಕಿವಿ ಕೆಂಪಾಯಿತು. ಅದು ರೋಗದ ಹೆಸರೇ ಅಲ್ಲ, ತಮಾಷೆಗೆ ಆಡುವ ಮಾತು ಎಂದ. ಮನೆಯಲ್ಲಿ ಅಜ್ಜಿ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವಾಗ ಆಡುವಂಥದ್ದು. ಯಾರೋ ಬೇಕೆಂದೇ ಲ್ಯಾಟಿನ್ನಿನ ಹಾಗೆ ಕೇಳಿಸಲೆಂದು ಉದ್ದ ಮಾಡಿ ಹೊಸೆದಿರಬೇಕು. ಮಾತು ಕೇಳಿದರೇನೇ ತಲೆ ತಿರುಗಬೇಕು, ಅದೇ ಅದರ ಗಮ್ಮತ್ತು. ವಯಸ್ಸಾದವರಿಗೆ ಅರಿವಳಿಕೆ ಕೊಟ್ಟ ಮೇಲೆ ಹೀಗಾಗುವುದು ಮಾಮೂಲು, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ, ಆದರೆ ಕಣ್ಣಿಟ್ಟಿರಬೇಕು. ರೋಗಿಯ ಮುಂದೆ ಆ ಮಾತು ಆಡಬಾರದಿತ್ತು ಎಂದೂ ಸೇರಿಸಿದ.

ಮಾತಕ್ಕ ಮುದುಕಿಯ ಕಡೆ ತಿರುಗಿದಳು. ಗೊಂದಲ ಎನ್ನಲೇ? ಅದು ಪೇಪರಿನ ಮಾತು. ಭ್ರಮೆ ಎಂದರೆ ಮತ್ತೆ ಹೆದರಿಯಾಳು.

"ಕಕ್ಕಾಬಿಕ್ಕಿ," ಎಂದಳು. "ಇವರು ಕಕ್ಕಾಬಿಕ್ಕಿ ಆಗಿದಾರೆ ಅಂತ ಅಂದಿದ್ದು. ಮತ್ತಿನ ಔಷಧಿಯಿಂದ. ಇಳಿಯುತ್ತಂತೆ."

ಮುದುಕಿ ಗಂಡನ ಕಡೆ ತಿರುಗಿ ನೋಡಿದಳು. "ಅಷ್ಟೇನಾ?" ಎಂದಳು. "ಅಷ್ಟಕ್ಕೆ ಅಷ್ಟುದ್ದ ಮಾತು ಯಾಕೆ?" ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಮುದುಕ ನಿಜಕ್ಕೂ ಕ್ರಮೇಣ ತಿಳಿಯಾದ. ಮೊದಲು ಹೆಂಡತಿಯ ಗುರುತು ಹಿಡಿದ, ಆಮೇಲೆ ಆಸ್ಪತ್ರೆಯ ಕಪಾಟಿನ ಕೆಲಸ ಕಳಪೆ ಎಂದು ಬೈದ. ಆದರೆ ಮಗ ಸುಮ್ಮನಿರಲಿಲ್ಲ, ದೂರು ಕೊಟ್ಟಿದ್ದ. ಸೂಪರಿಂಟೆಂಡೆಂಟ್ ಮಾತಕ್ಕನನ್ನು ಕರೆಸಿದರು. ಓದು ಎಲ್ಲಿಯವರೆಗೆ ಎಂದು ಅವರು ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದು ನಮಗೆ ಸೇರಿಸಿಕೊಳ್ಳುವಾಗಲೇ ಗೊತ್ತಿತ್ತು, ನಿಮ್ಮ ಅರ್ಜಿಯಲ್ಲೇ ಇದೆಯಲ್ಲ ಎಂದರು. ತಪ್ಪು ಅದಲ್ಲ, ಗೊತ್ತಿಲ್ಲದ್ದನ್ನು ಕೇಳದೆ ಬಿಟ್ಟದ್ದು ಎಂದು ಎಚ್ಚರಿಕೆ ಕೊಟ್ಟು ಕಳಿಸಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಇಷ್ಟು ವರ್ಷ ಯಾರಿಂದ ಏನನ್ನು ಬಚ್ಚಿಟ್ಟಿದ್ದೆ ಎಂದು ನಗು ಬರಬೇಕಿತ್ತು. ಬರಲಿಲ್ಲ.

ಆಮೇಲೂ ಅವಳು ಬಹಳ ವರ್ಷ ಆ ಕೆಲಸದಲ್ಲಿದ್ದಳು. ಅಳುಕು ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಆದರೆ ತಿಳಿಯದ ಮಾತು ಬಂದ ಕೂಡಲೇ ಡಾಕ್ಟರ ತೋಳು ಹಿಡಿದು ನಿಲ್ಲಿಸುವುದನ್ನು ಕಲಿತಳು. ಹೊಸ ಡಾಕ್ಟರೊಬ್ಬಳು ಒಮ್ಮೆ ಇದಕ್ಕೆ ಸಿಡುಕಿದಳು, ಎಷ್ಟು ಸಲ ಕೇಳುತ್ತೀರಿ ಎಂದು. ಮಾತಕ್ಕ ತೋಳು ಬಿಡಲಿಲ್ಲ. ರೋಗಿಯ ಮನೆಯವರ ಕಡೆ ತಿರುಗಿ, "ಒಂಚೂರು ತಡೀರಿ, ಇದು ನನಗೂ ಗೊತ್ತಾಗ್ಲಿಲ್ಲ, ಕೇಳ್ತಿದೀನಿ," ಎಂದಳು. ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದ ತಾಯಿ ತಲೆಯಾಡಿಸಿ, ಕೂಸಿನ ಬೆನ್ನು ತಟ್ಟುತ್ತಾ ಕಾದಳು.