ಹಳದಿ ಬಳಿದ ಮೊದಲ ಸಾಲು

ಕೋಲಾರದ ಒಂದು ಕಾಲೇಜಿನ ಕಚೇರಿಯಲ್ಲಿ ನಾನು ಗುಮಾಸ್ತೆಯಾಗಿದ್ದೆ. ತೊಂಬತ್ತರ ದಶಕದ ಕೊನೆಯಿಂದ ಪ್ರತಿ ವರ್ಷ ಜೂನ್ ಬಂತೆಂದರೆ ಪ್ರವೇಶದ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಅರ್ಜಿಗಳನ್ನು ಅಂಕದ ಪ್ರಕಾರ ಜೋಡಿಸಿ, ಟೈಪು ಮಾಡಿ, ಮೇಲಿನ ಮೂರು ಹೆಸರುಗಳಿಗೆ ಹಳದಿ ಸ್ಕೆಚ್ ಪೆನ್ ಎಳೆದು, ಗಾಜಿನ ಬಾಗಿಲಿನ ನೋಟಿಸ್ ಬೋರ್ಡಿನೊಳಗೆ ಅಂಟಿಸಿ ಬೀಗ ಹಾಕುತ್ತಿದ್ದೆ. ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇರುತ್ತಿತ್ತು. ಹೆಚ್ಚು ಅಂಕ ಪಡೆದವರು ಮೇಲೆ, ಕಡಿಮೆ ಪಡೆದವರು ಕೆಳಗೆ. ಅದರಲ್ಲಿ ಯಾರ ಮಾತೂ ನಡೆಯುತ್ತಿರಲಿಲ್ಲ.

ನಡೆಸಲು ನೋಡಿದವರು ಇಲ್ಲದಿರಲಿಲ್ಲ. ಒಂದು ವರ್ಷ ಊರಿನಲ್ಲಿ ಹೆಸರಿದ್ದ ದೊಡ್ಡ ಮನುಷ್ಯರೊಬ್ಬರು ಬಂದು ಕವರೊಂದನ್ನು ನನ್ನ ಮೇಜಿನ ಮೇಲಿಟ್ಟರು. ತಮ್ಮ ಮಗಳ ಹೆಸರು ನಾಲ್ಕು ಸಾಲು ಮೇಲೆ ಹೋದರೆ ಯಾರ ಗಂಟು ಹೋಗುತ್ತದೆ ಎಂದು ಅತ್ತಿತ್ತ ನೋಡಿ, ದನಿ ತಗ್ಗಿಸಿ ನಗುತ್ತಾ ಕೇಳಿದರು. ಆ ನಾಲ್ಕು ಸಾಲಿನಲ್ಲಿರುವ ಮಕ್ಕಳ ಗಂಟು ಹೋಗುತ್ತದೆ ಎಂದೆ. ಕವರನ್ನು ಅವರ ಕೈಗೇ ಕೊಟ್ಟು ಬಾಗಿಲು ತೋರಿಸಿದೆ. ಪ್ರಾಂಶುಪಾಲರು ಆಮೇಲೆ ನನ್ನನ್ನು ಕರೆದು, ನೀವು ಮಾಡಿದ್ದು ಸರಿ, ಆದರೆ ಅಷ್ಟು ಜೋರಾಗಿ ಮಾಡಬೇಕಿರಲಿಲ್ಲ ಎಂದರು. ನನಗೆ ಮೆತ್ತಗೆ ಮಾಡಲು ಬರುವುದಿಲ್ಲ, ಸಿಟ್ಟು ಮೂಗಿನ ಮೇಲೇ ಇರುತ್ತದೆ. ಇದನ್ನೆಲ್ಲ ಹೇಳುತ್ತಿರುವುದು ನನ್ನ ಹೆಚ್ಚುಗಾರಿಕೆಗಲ್ಲ. ಇಂಥವಳೇ ಹೇಗೆ ಬೇಸ್ತುಬಿದ್ದೆ ಎಂಬುದು ತಿಳಿಯಲಿ ಎಂದು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಪಿಯುಸಿ ಪಾಸಾದ ಬೇಸಿಗೆಯಲ್ಲೇ ಅವಳ ಮದುವೆಯಾಯಿತು. ದೇವರಾಯಸಮುದ್ರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋದವಳು ಅಲ್ಲಿಯೇ ಅಂಗನವಾಡಿ ಶಿಕ್ಷಕಿಯಾದಳು. ಮನೆಯವರು ರಾಗಿ, ಟೊಮೇಟೊ ಬೆಳೆಯುತ್ತಿದ್ದರು. ಬೆಳಿಗ್ಗೆ ಹೊಲ, ಆಮೇಲೆ ಮಕ್ಕಳು, ಸಂಜೆ ಮತ್ತೆ ಹೊಲ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು, ಒಂದು ಭಾನುವಾರ ಮುಳಬಾಗಿಲಿನ ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ಅನುಭವವಿರುವ ಶಿಕ್ಷಕಿಯರಲ್ಲೇ ಕೆಲವರನ್ನು ಮೇಲ್ವಿಚಾರಕಿಯರಾಗಿ ತೆಗೆದುಕೊಳ್ಳುತ್ತಾರಂತೆ. ಆದರೆ ಪದವಿ ಆಗಿರಬೇಕು, ವಯಸ್ಸು ಮೀರಿರಬಾರದು. ಅವಳಿಗೆ ಉಳಿದಿದ್ದದ್ದು ನಾಲ್ಕು ವರ್ಷ, ಪದವಿಗೆ ಬೇಕಾದದ್ದು ಮೂರು. ಒಂದು ಸಲ ಎಡವಿದರೆ ಮುಗಿಯಿತು.

ಮನೆಯಲ್ಲೇ ಕೂತು ಓದಿ ಪದವಿ ಪಡೆಯುವುದು ಎಲ್ಲಿ ಎಂದು ಇಂಟರ್ನೆಟ್‌ನಲ್ಲಿ ನೋಡಿ ಹೇಳು ಎಂದಳು. ಬಸ್ ನಿಲ್ದಾಣದ ಹತ್ತಿರದ ಸೈಬರ್ ಸೆಂಟರಿಗೆ ಕರೆದುಕೊಂಡು ಹೋದೆ. ಅದರ ಯಜಮಾನರು ಹಿಂದೆ ಟೈಪಿಂಗ್ ಶಾಲೆ ನಡೆಸುತ್ತಿದ್ದವರು. ಪ್ಲೈವುಡ್ ಹೊಡೆದು ಮಾಡಿದ ಗೂಡಿನಲ್ಲಿ ಇಬ್ಬರೂ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತೆವು. ನಾನು ಟೈಪು ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಪಟ್ಟಿ ತೆರೆದುಕೊಂಡಿತು. ಮೇಲಿನ ಎರಡು ಸಾಲುಗಳ ಹಿಂದೆ ತಿಳಿ ಹಳದಿ ಬಣ್ಣವಿತ್ತು. ಉಳಿದವು ಬಿಳಿಯ ಮೇಲೆ.

ನೋಡಿದ ಕೂಡಲೇ ನನಗೆ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡೆ. ಮೇಲಿರುವುದು ಮೊದಲ ರ‍್ಯಾಂಕು, ಹಳದಿ ಬಳಿದಿರುವುದು ಅದನ್ನು ಎತ್ತಿ ತೋರಿಸಲು. ವರ್ಷವರ್ಷವೂ ನನ್ನ ಕೈಯಾರೆ ಮಾಡುತ್ತಿದ್ದ ಕೆಲಸ. ಎಲ್ಲೋ ನನ್ನಂಥವಳೊಬ್ಬಳು ಕೂತು, ದೇಶದ ಕಾಲೇಜುಗಳನ್ನೆಲ್ಲ ತೂಗಿ ನೋಡಿ, ಪಟ್ಟಿ ಮಾಡಿ ಬೀಗ ಹಾಕಿದ್ದಾಳೆ ಎಂಬಷ್ಟು ನಂಬಿಕೆ.

ಅಕ್ಕ ಪರದೆಯ ಕೆಳಭಾಗಕ್ಕೆ ಬೆರಳಿಟ್ಟು, "ಕೆಳಗಿರೋದನ್ನೂ ಒಂದಷ್ಟು ನೋಡೇ. ಮೇಲಿನ ಹಣ್ಣು ನೋಡಿ ಯಾರಾದ್ರೂ ಬಾಕ್ಸ್ ತಗೋತಾರಾ?" ಎಂದಳು.

"ಇದು ಟೊಮೇಟೊ ಮಂಡಿ ಅಲ್ಲ ಕಣೇ ಅಕ್ಕ," ಎಂದು ನಕ್ಕೆ.

ಆ ನಗು ನೆನಪಾದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಹಳದಿಯ ಮೊದಲ ಸಾಲನ್ನು ಒತ್ತಿದೆ. ದೊಡ್ಡ ಕಟ್ಟಡದ ಚಿತ್ರ, ಕಪ್ಪು ಗೌನು ತೊಟ್ಟ ಹುಡುಗಿಯರು, ಹೊರರಾಜ್ಯದ ಯಾವುದೋ ವಿಶ್ವವಿದ್ಯಾಲಯದ ಹೆಸರು, ಬೆಂಗಳೂರಿನಲ್ಲಿ ಅದರ ಕೇಂದ್ರ. ವಿಳಾಸ ಬರೆದುಕೊಂಡು ಎದ್ದೆವು.

ಅಕ್ಕ ಮೂರು ವರ್ಷ ಓದಿದಳು. ಓದಿದಳು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಅನ್ಯಾಯ. ಅಂಚೆಯಲ್ಲಿ ಬರುತ್ತಿದ್ದ ಪುಸ್ತಕಗಳಿಗೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ, ಅಂಗನವಾಡಿಯಲ್ಲಿ ಮಕ್ಕಳನ್ನು ಮಲಗಿಸಿದ ಮೇಲೆ ಸಮಾಜಶಾಸ್ತ್ರ ಬಾಯಿಪಾಠ ಮಾಡುತ್ತಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಉಪ್ಪಿಟ್ಟು ತಿರುವುತ್ತಾ ಇಂಗ್ಲಿಷ್ ಪ್ರಬಂಧ ಒಪ್ಪಿಸುತ್ತಿದ್ದಳು. ಒಂದು ಸಲ ಅವಳ ಅತ್ತೆ ತೆಲುಗಿನಲ್ಲಿ, ಈ ವಯಸ್ಸಿನಲ್ಲಿ ಇವಳಿಗೆ ಇದೆಲ್ಲ ಯಾಕೆ ಎಂದು ಗೊಣಗಿದಾಗ, ನಾನೇ ಮಧ್ಯೆ ಬಾಯಿ ಹಾಕಿ ಜಗಳ ಮಾಡಿಕೊಂಡು ಬಂದಿದ್ದೆ. ಪರೀಕ್ಷೆಗೆ ಬೆಳಗಿನ ಮೊದಲ ಬಸ್ಸಿಗೇ ಬೆಂಗಳೂರಿಗೆ ಹೋಗುತ್ತಿದ್ದಳು. ಒಂದು ಸಲವೂ ನಪಾಸಾಗಲಿಲ್ಲ. ಪ್ರಮಾಣಪತ್ರ ಬಂದ ದಿನ ನಾವಿಬ್ಬರೂ ಅತ್ತಿದ್ದು ಸಂತೋಷಕ್ಕೆ.

ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಿದ ಎರಡು ತಿಂಗಳಿಗೆ ಅದು ತಿರಸ್ಕೃತವಾಯಿತು. ಏನೋ ಎಡವಟ್ಟಾಗಿರಬೇಕು, ಗುಮಾಸ್ತರ ಹಣೆಬರಹ ನನಗೆ ಗೊತ್ತಿಲ್ಲವೇ ಎಂದುಕೊಂಡು, ಸೆರಗು ಬಿಗಿದು ನಾನೇ ಅರ್ಜಿ ತೆಗೆದುಕೊಂಡಿದ್ದ ಕಚೇರಿಗೆ ಹೋದೆ. ಅಲ್ಲಿದ್ದವರು ನನ್ನದೇ ವಯಸ್ಸಿನ ಹೆಂಗಸು. ಸಮಾಧಾನದಿಂದ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ಪಟ್ಟಿ ತೆಗೆದು ಮುಂದಿಟ್ಟರು. ಎರಡು ಸಲ ಓದಿದೆ. ಅಕ್ಕನ ವಿಶ್ವವಿದ್ಯಾಲಯ ಅದರಲ್ಲಿ ಇರಲಿಲ್ಲ. ನಿಮ್ಮ ಪಟ್ಟಿಯೇ ತಪ್ಪು, ಇಂಟರ್ನೆಟ್‌ನಲ್ಲಿ ಇದಕ್ಕೆ ಮೊದಲನೆಯ ಸ್ಥಾನವಿದೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದು ದನಿ ಏರಿಸಿದೆ.

ಆಕೆ ನನ್ನನ್ನು ಕನಿಕರದಿಂದ ನೋಡಿ, "ಮೇಡಂ, ಹಳದಿ ಬಣ್ಣದಲ್ಲಿ ಮೇಲಿತ್ತಾ? ಅದು ಜಾಹೀರಾತು. ದುಡ್ಡು ಕೊಟ್ಟು ಆ ಜಾಗ ಹಿಡಿದಿರ್ತಾರೆ," ಎಂದರು.

ಅಲ್ಲಿಂದ ನೆಟ್ಟಗೆ ಸೈಬರ್ ಸೆಂಟರಿಗೆ ನಡೆದೆ. ಅದೇ ಪದಗಳನ್ನು ಟೈಪು ಮಾಡಿ, ಕನ್ನಡಕ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಹಳದಿ ಪಟ್ಟಿಯ ಬಲತುದಿಯಲ್ಲಿ, ಬೂದು ಬಣ್ಣದಲ್ಲಿ, ಎರಡು ಪುಟ್ಟ ಇಂಗ್ಲಿಷ್ ಪದಗಳು. ಪ್ರಾಯೋಜಿತ ಕೊಂಡಿಗಳು ಎಂದು ಅದರ ಅರ್ಥ. ಜಾಹೀರಾತು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅಲ್ಲಿಯೂ ಇಲ್ಲ. ಬಿಳಿಯ ಮೇಲಿದ್ದ ಮೂರನೆಯ ಸಾಲಿನಲ್ಲಿ ನಮ್ಮದೇ ಸರ್ಕಾರಿ ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದ ವಿವರ ತಣ್ಣಗೆ ಕೂತಿತ್ತು.

ಯಜಮಾನರನ್ನು ಕೇಳಿದೆ. ಅದು ಎಲ್ಲರಿಗೂ ಗೊತ್ತಿರುವುದೇ, ಬಣ್ಣ ಇರುವುದು ಕಾಸು ಕೊಟ್ಟಿದ್ದು, ಬಿಳಿಯದು ತಾನಾಗಿ ಬಂದಿದ್ದು ಎಂದರು. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದೆ. ನೀವು ಕೇಳಲಿಲ್ಲವಲ್ಲ ಎಂದರು. ಅವರ ಮೇಲೆ ರೇಗಿ ಏನು ಬಂತು? ಗೂಡುಗೂಡಿನ ಮುಂದೆಯೂ ನಿಂತು ಹೇಳುವುದು ಅವರ ಕೆಲಸವಾಗಿರಲಿಲ್ಲ. ಆದರೂ ರೇಗಿದೆ.

ಮೈ ಉರಿದದ್ದು ಜಾಹೀರಾತು ಹಾಕಿದ್ದಕ್ಕಲ್ಲ. ದಿನಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ, ಸುತ್ತ ಗೆರೆ ಎಳೆದು ಹಾಕುತ್ತಾರೆ. ನರಸಾಪುರದ ದಾರಿಯುದ್ದಕ್ಕೂ ಕಾಂಪೌಂಡ್ ಗೋಡೆಗಳ ಮೇಲೆ ಸಿಮೆಂಟಿನ ಹೆಸರು ಬರೆದಿರುತ್ತಾರೆ. ಅದನ್ನು ಯಾರೂ ಊರಿನ ಹೆಸರು ಎಂದುಕೊಳ್ಳುವುದಿಲ್ಲ. ಈ ಇಂಟರ್ನೆಟ್ ಹುಡುಕಾಟದ ಕಂಪನಿಯವರು ಮಾಡಿದ್ದು ಬೇರೆ. ಅದೇ ಅಕ್ಷರ, ಅದೇ ನೀಲಿ, ಅದೇ ಉದ್ದದ ಸಾಲು. ಪ್ರಶ್ನೆಗೆ ಉತ್ತರ ಬೇಕೆಂದು ಬಂದವಳಿಗೆ, ಉತ್ತರದ ವೇಷ ತೊಡಿಸಿದ ಮಾರಾಟದ ಮಾಲು. ಆ ಮೇಲಿನ ಜಾಗವನ್ನು ನನ್ನ ಮೇಜಿನ ಮೇಲೆ ಕವರು ಇಟ್ಟವರು ಕದ್ದುಮುಚ್ಚಿ ಕೇಳಿದ್ದರು, ಕೇಳುವಾಗ ಅವರಿಗೂ ಒಂದಿಷ್ಟು ನಾಚಿಕೆಯಿತ್ತು. ಇಲ್ಲಿ ಹಾಡಹಗಲೇ ಅದಕ್ಕೊಂದು ದರ ಕಟ್ಟಿ, ಮೇಲೆ ಬಣ್ಣ ಬಳಿದು ಮಾರುತ್ತಿದ್ದರು. ಕಾನೂನಿನ ಪ್ರಕಾರ ತಪ್ಪಿಲ್ಲ, ಪಕ್ಕದಲ್ಲಿ ಬರೆದಿದೆಯಲ್ಲ ಎಂದು ಆಮೇಲೆ ಓದಿಕೊಂಡವರೊಬ್ಬರು ನನಗೆ ಬುದ್ಧಿ ಹೇಳಿದರು. ಓದಲಿ ಎಂದು ಬರೆದಿದ್ದರೆ ಇರುವೆ ಗಾತ್ರದಲ್ಲಿ ಯಾಕೆ ಬರೆಯಬೇಕಿತ್ತು ಎಂದು ಅವರನ್ನೇ ಕೇಳಿದೆ.

ಅಕ್ಕನಿಗೆ ನಾನೇ ಹೇಳಬೇಕಾಯಿತು. ಹೊಲದ ಬದುವಿನ ಮೇಲೆ ಕೂತು ಹೇಳಿದೆ. ಅವಳು ಬೈಯಲಿಲ್ಲ. ಇನ್ನೊಂದು ಸಲ ಕಟ್ಟಿದರೆ ಆಗುತ್ತದಾ ಎಂದು ಕೇಳಿ, ತಾನೇ ಬೆರಳು ಮಡಚಿ ವರ್ಷ ಎಣಿಸಿ, ಆಗುವುದಿಲ್ಲ ಎಂದು ತಾನೇ ಹೇಳಿಕೊಂಡಳು. ಆಮೇಲೆ ಎದ್ದು ಗಿಡಗಳಿಗೆ ಕಡ್ಡಿ ಕಟ್ಟಲು ಹೋದಳು. ನಾನು ಆ ಹುಡುಕಾಟದ ಕಂಪನಿಗೆ ಇಂಗ್ಲಿಷಿನಲ್ಲಿ ಮೂರು ಪುಟದ ಪತ್ರ ಬರೆದೆ. ಎಲ್ಲಿಗೆ ಕಳಿಸಬೇಕೆಂದು ಗೊತ್ತಾಗದೆ ಅದು ಬೀರುವಿನಲ್ಲೇ ಉಳಿಯಿತು.

ಎರಡು ವರ್ಷದ ಮೇಲೆ ಒಂದು ದಿನ ಅಕ್ಕನ ಅಂಗನವಾಡಿಯಲ್ಲಿದ್ದೆ. ಹೊಸ ಮೇಲ್ವಿಚಾರಕಿ ತಪಾಸಣೆಗೆ ಬಂದರು. ನೇರ ನೇಮಕಾತಿಯಲ್ಲಿ ಬಂದ ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ಒಳ್ಳೆಯವಳೇ. ಅಕ್ಕ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟು, ಹಾಜರಿ ಪುಸ್ತಕ ಮುಂದಿಟ್ಟು ಪಕ್ಕದಲ್ಲಿ ನಿಂತಳು. ಆಕೆ ಪುಟ ತಿರುವುತ್ತಾ, ತನ್ನ ತಂಗಿಯನ್ನು ಬಿ.ಎಡ್.ಗೆ ಸೇರಿಸಬೇಕು, ಯಾವ ಕಾಲೇಜು ಒಳ್ಳೆಯದೋ ತಿಳಿಯದು ಎಂದು ಮಾತಿಗೆ ಹೇಳಿದರು. ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ನನ್ನ ತಂಗೀನೇ ಕೇಳಿ ಮೇಡಂ. ಕೋಲಾರದಲ್ಲಿ ಕಾಲೇಜಲ್ಲಿರೋದು ಇವಳು. ಇಂಟರ್ನೆಟ್ಟೆಲ್ಲಾ ಚೆನ್ನಾಗಿ ನೋಡ್ತಾಳೆ," ಎಂದಳು.

ಅವಳ ಮುಖ ನೋಡಿದೆ. ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.