ಕೆರೆ ಬಂಗ್ಲೆಯಲ್ಲಿ ಹಾಲು ಉಕ್ಕಿದ್ದು

ದೊಡ್ಡ ಮನೆಗಳಲ್ಲಿ ನನಗೆ ಸುಮ್ಮಸುಮ್ಮನೆ ನಗು ಬರುತ್ತದೆ. ಛಾವಣಿ ಎಷ್ಟು ಎತ್ತರವೋ ನಗುವೂ ಅಷ್ಟು ಜೋರು. ಹೀಗಿರುವಾಗ ನನ್ನ ತಂಗಿ ಸುಮಾ ದೊಡ್ಡ ಅಧಿಕಾರಿಯಾಗಿ ರಾಯಚೂರಿಗೇ ಬಂದು, ಕೆರೆ ದಂಡೆಯ ಹಳೆಯ ಹವೇಲಿಯಲ್ಲಿ ಇಳಿದರೆ ನನ್ನ ಗತಿ ಏನಾಗಬೇಡ, ನೀವೇ ಹೇಳಿ.

ನಿಜಾಮರ ಕಾಲದಲ್ಲಿ ಯಾರೋ ಜಾಗೀರದಾರ ಕಟ್ಟಿಸಿದ್ದಂತೆ. ಜಾಗೀರದಾರ ಹೋದ, ನಿಜಾಮರು ಹೋದರು, ಹವೇಲಿ ಸರ್ಕಾರಿ ಬಂಗ್ಲೆಯಾಯಿತು, ಸಾಹೇಬರು ಬಂದು ಬಂದು ಹೋದರು. ಇತಿಹಾಸಕಾರರು ಬರೆಯಲು ಮರೆತದ್ದೆಂದರೆ, ಕೆರೆಯ ಸೊಳ್ಳೆಗಳಿಗೆ ಮಾತ್ರ ಇನ್ನೂ ವರ್ಗವಾಗಿಲ್ಲ.

ಗಬ್ಬೂರಿನಿಂದ ಅವ್ವ ಹಿತ್ತಾಳೆ ಪಾತ್ರೆಯೊಂದನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಳು. ಬಂದವಳೇ, "ಹಾಲು ಉಕ್ಕದ ಮನ್ಯಾಗ ನಾ ಉಣ್ಣಂಗಿಲ್ಲ, ಮಲಗಂಗಿಲ್ಲ. ಸಂಜಿ ಬಸ್ಸಿಗೆ ಹೊಳ್ಳಿ ಹೋಗ್ತೀನಿ" ಎಂದಳು. ಸುಮಾಳ ಮುಖ ಬಾಡಿತು. ತನ್ನ ಮನೆಯಲ್ಲಿ ಅವ್ವ ಒಂದು ರಾತ್ರಿಯಾದರೂ ಇರಬೇಕೆಂಬುದು ಅವಳಿಗೆ ಓದುವ ಕಾಲದಿಂದ ಇದ್ದ ಆಸೆ.

ಹಾಲಿಗೇನು ಬರವಿರಲಿಲ್ಲ. ಅಡ್ಡಿಯಾದವನು ಬಂಗ್ಲೆಯ ಅಡುಗೆಯ ಹುಸೇನಪ್ಪ. ಎಷ್ಟೋ ಸಾಹೇಬರಿಗೆ ಚಹಾ ಕಾಸಿದ ಈ ಪುಣ್ಯಾತ್ಮ ಈವರೆಗೆ ಒಂದು ಹನಿ ಹಾಲು ಉಕ್ಕಿ ಚೆಲ್ಲಲು ಬಿಟ್ಟವನಲ್ಲ. ನೊರೆ ಅಂಚಿಗೆ ಬಂದದ್ದೇ ತಡ, ಅವನ ಕೈ ತಾನಾಗಿಯೇ ಗ್ಯಾಸು ಬಂದ್ ಮಾಡಿತು.

"ತಪ್ಪಾತ್ರಿ ಯವ್ವಾ, ಕೈ ನನ್ನ ಮಾತು ಕೇಳವಲ್ದು" ಎಂದ.

ಎರಡನೇ ಸಲ ಕೈ ಕಟ್ಟಿಕೊಂಡು ನಿಂತ. ಹಾಲು ಏರಿತು, ಏರಿತು. ತಡೆಯಲಾರದೆ ಉಫ್ ಎಂದು ಊದಿಬಿಟ್ಟ. ನೊರೆ ಕುಸಿಯಿತು. ಉಕ್ಕಿದ್ದು ನನ್ನ ನಗು ಮಾತ್ರ.

"ಹುಸೇನಪ್ಪಣ್ಣ, ನೀವು ಕೆರಿ ಕಡಿ ಬರ್ರಿ" ಎಂದು ಸುಮಾ ಅವನನ್ನು ಹಿಂದಿನ ಮೆಟ್ಟಿಲಿಗೆ ಕರೆದೊಯ್ದಳು; ಒಲೆ ಕಾಯುವ ಕೆಲಸ ಅವ್ವನ ಪಾಲಿಗೆ ಬಂತು. ಅಲ್ಲಿ ನಾನು ಅವನ ಊದುವಿಕೆಯನ್ನು ಅಭಿನಯಿಸಿ ತೋರಿಸಿದೆ. ಪಾಪ, ಅವನೂ ನಕ್ಕ. ನಗುವಿನ ಸದ್ದಿಗೆ ಅವ್ವ, "ಏನಾತ್ರಲೇ" ಎನ್ನುತ್ತ ಹೊರಗೆ ಬಂದು, ಕೆರೆ ನೀರಿಗೆ ಕಾಲು ಇಳಿಬಿಟ್ಟು ಕೂತೇಬಿಟ್ಟಳು. ಒಲೆಯ ಮುಂದೆ ಯಾರೂ ಇಲ್ಲವೆಂದು ಹೊಳೆದದ್ದು ಸೀದ ವಾಸನೆ ಬಂದಾಗಲೇ.

ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಹಾಲು ಕಟ್ಟೆಯಿಂದಿಳಿದು ಜಾಗೀರದಾರನ ಕಲ್ಲುಹಾಸಿನ ಮೇಲೆ ಹರಿಯುತ್ತಿತ್ತು. ಅರಿವೆ ಹಿಡಿದು ಬಾಗಿದ ಹುಸೇನಪ್ಪನನ್ನು ಅವ್ವ ತಡೆದಳು: "ಇರ್ಲಿ ಬಿಡಪ್ಪ, ಈಗ ಮನಿ ಆತು. ತಾಟು ಹಾಕು."

ಸುಮಾ ಅವ್ವನನ್ನು ತಬ್ಬಿಕೊಂಡು ಚಿಕ್ಕ ಹುಡುಗಿಯಂತೆ ಅತ್ತಳು. ನನಗೂ ಅಳು ಬರುವ ಮೊದಲೇ ರೊಟ್ಟಿ ಮುರಿಯುತ್ತ ಕೇಳಿದೆ, "ಅಲ್ಲಬೇ, ನಾಳಿ ಈಕಿಗೆ ವರ್ಗ ಆದ್ರ ಏನ್ ಮಾಡ್ತಿ?"

ಅವ್ವ ತುತ್ತು ನುಂಗಿ ನನ್ನನ್ನೇ ನೋಡಿದಳು.

"ಯಾಕ, ಆ ಊರಾಗ ಎಮ್ಮಿ ಇರಂಗಿಲ್ಲೇನು?"